ಕಮಲಾಕ್ಷ ಕಂಡ ಮೂರು ಹೋಮ್‌ರನ್

ಇಡ್ಲಿ ಹಿಟ್ಟಿನ ಪಾತೆಲೆಗೆ ಚೆಂಡು ಬಂದು ಬಿದ್ದ ಬೆಳಿಗ್ಗೆ ಕಮಲಾಕ್ಷ ಗಲ್ಲಾದ ಹಿಂದೆ ಸುಮ್ಮನೆ ಕುಳಿತಿದ್ದರು. ಹತ್ತು ತಿಂಗಳಿಂದ ಅವರು ಕುಳಿತಿರುತ್ತಿದ್ದುದೇ ಹಾಗೆ. ಗಿರಾಕಿ ಬಂದರೆ ತಲೆಯೆತ್ತುವುದು, ಹೋದರೆ ತಗ್ಗಿಸುವುದು. ಮಾತು ಕೇಳಿದರೆ ಉತ್ತರ, ಇಲ್ಲದಿದ್ದರೆ ಅದೂ ಇಲ್ಲ.

ನವಿ ಮುಂಬಯಿಯ ಸಾನಪಾಡಾದ ಆ ಹೋಟೆಲ್ ಪಂಚಮಿಯನ್ನು ಇಪ್ಪತ್ತೆರಡು ವರ್ಷ ನಡೆಸಿದವರು ಇಬ್ಬರು, ಕಮಲಾಕ್ಷ ಮತ್ತು ಅವರ ತಮ್ಮ. ತಮ್ಮನ ಹೆಸರು ಕೃಷ್ಣ. ಆದರೆ ಅಣ್ಣನಾದಿಯಾಗಿ ಇಡೀ ಸೆಕ್ಟರೇ ಅವನನ್ನು ಕಿಟ್ಟಣ್ಣ ಎಂದು ಕರೆಯುತ್ತಿತ್ತು. ಉಡುಪಿಯ ಕಡೆಯ ಹಿರಿಯಡ್ಕದಿಂದ ಹದಿನಾಲ್ಕನೆಯ ವಯಸ್ಸಿಗೆ ಡೊಂಬಿವಲಿಗೆ ಬಂದು, ಸೋದರಮಾವನ ಹೋಟೆಲಿನಲ್ಲಿ ಕಪ್ಪು ತೊಳೆದು, ರಾತ್ರಿಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು ಕಮಲಾಕ್ಷ. ಆರು ವರ್ಷದ ನಂತರ ತಮ್ಮನನ್ನೂ ಕರೆಸಿಕೊಂಡರು. ಅಡುಗೆಮನೆ ಅಣ್ಣನದು, ಗಲ್ಲಾ ತಮ್ಮನದು. ಕಿಟ್ಟಣ್ಣ ನಾಲ್ಕು ಭಾಷೆಯಲ್ಲಿ ನಗಿಸಬಲ್ಲವನು. ಚಹಾ ಕುಡಿಯಲು ಬಂದವನು ಮಸಾಲೆ ದೋಸೆ ತಿಂದು ಹೋಗುತ್ತಿದ್ದುದು ಅವನ ಬಾಯಿಯ ದೆಸೆಯಿಂದ.

೨೦೨೧ರ ಏಪ್ರಿಲಿನಲ್ಲಿ, ಕೋವಿಡಿನ ಎರಡನೆಯ ಅಲೆಯಲ್ಲಿ, ಕಿಟ್ಟಣ್ಣ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡ. ಮನೆಗೆ ತರುವಂತಿರಲಿಲ್ಲ. ಹೆಂಡತಿ ಸೌಜನ್ಯ, ಮಗಳು ನಿಶಾ ಇಬ್ಬರೂ ಸ್ಮಶಾನದ ಗೇಟಿನ ಹೊರಗೆ ನಿಂತು, ದೂರದಲ್ಲಿ ಪ್ಲಾಸ್ಟಿಕ್ ಸುತ್ತಿದ ಗಂಟೊಂದು ಒಳಗೆ ಹೋಗುವುದನ್ನು ನೋಡಿದರು. ನಿಶಾಳಿಗೆ ಆಗ ಹನ್ನೊಂದು. ಅವಳು ಅಳಲಿಲ್ಲ. ಮುಂದೆ ವರ್ಷಾಂತರದ ದಿನವೂ ಅಳಲಿಲ್ಲ. ಸೌಜನ್ಯ ವಾಶಿಯ ಒಂದು ಆಫೀಸಿಗೆ ಕೆಲಸಕ್ಕೆ ಸೇರಿದ ಮೇಲೆ ನಿಶಾ ಶಾಲೆ ಬಿಟ್ಟೊಡನೆ ಹೋಟೆಲಿಗೆ ಬಂದು, ಹಿಂದಿನ ಟೇಬಲಿನಲ್ಲಿ ಮೊಬೈಲ್ ಹಿಡಿದು ಕೂರುತ್ತಿದ್ದಳು. ಕಮಲಾಕ್ಷ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಒಂದೇ ಪದ. “ಊಟ ಆಯ್ತಾ ಮಗಾ?” ಎಂದರೆ “ಹಾಂ.” ಅಣ್ಣ ತಮ್ಮಂದಿರಲ್ಲಿ ಮಾತಿಲ್ಲದವನು ಉಳಿದ, ಮಾತಿದ್ದವನು ಹೋದ ಎಂದು ಕಮಲಾಕ್ಷರಿಗೆ ದಿನಕ್ಕೊಮ್ಮೆ ಅನ್ನಿಸುತ್ತಿತ್ತು. ಹೋಟೆಲ್ ಮಾರಿ ಊರಿಗೆ ಹೋಗುವ ಮಾತನ್ನು ಹೆಂಡತಿ ರತ್ನಾವತಿಯ ಹತ್ತಿರ ಎರಡು ಸಲ ಎತ್ತಿಯೂ ಆಗಿತ್ತು.

ಆ ಫೆಬ್ರವರಿಯ ಬೆಳಿಗ್ಗೆ ಅಡುಗೆಮನೆಯಿಂದ ದಢಾರನೆ ಸದ್ದು ಬಂತು, ಅದರ ಹಿಂದೆಯೇ ರತ್ನಾವತಿಯ ಕೂಗು. ಕಮಲಾಕ್ಷ ಓಡಿಹೋಗಿ ನೋಡಿದರೆ ಮಾಡಿನ ತಗಡಿನ ಪತ್ರಾ ಒಂದು ಕಡೆ ತೂತಾಗಿ ಬಿಸಿಲು ಇಳಿಯುತ್ತಿದೆ. ರತ್ನಾವತಿಯ ಮುಖ, ಸೀರೆ, ಪಕ್ಕದ ಗೋಡೆ ಎಲ್ಲಾ ಹಿಟ್ಟು. ಪಾತೆಲೆಯೊಳಗೆ ಕೈ ಹಾಕಿದರೆ ಸಿಕ್ಕಿದ್ದು ಒಂದು ಬಿಳಿ ಚೆಂಡು, ಕೆಂಪು ಹೊಲಿಗೆಯದು, ಕ್ರಿಕೆಟ್ ಚೆಂಡಿನಷ್ಟೇ ಗಟ್ಟಿ.

“ಹೋಗಿ ಕೇಳಿ ಬನ್ನಿ, ಯಾರ ತಲೆ ಒಡೆಯಬೇಕು ಅಂತ ಮಾಡಿದ್ದಾರೆ!” ಎಂದರು ರತ್ನಾವತಿ.

ಹೋಟೆಲಿನ ಹಿಂದೆ ಗೋಡೆ, ಗೋಡೆಯಾಚೆ ಪಾಲಿಕೆಯ ಮೈದಾನ. ಕಮಲಾಕ್ಷ ಹಿಟ್ಟು ತೊಟ್ಟಿಕ್ಕುವ ಚೆಂಡನ್ನು ಹಿಡಿದುಕೊಂಡೇ ಸುತ್ತಿಬಳಸಿ ಒಳಗೆ ಹೋದರು. ಹತ್ತು ಹನ್ನೆರಡು ಹುಡುಗಿಯರು ಕುರಿಮಂದೆಯ ಹಾಗೆ ಒಂದಾಗಿ ನಿಂತಿದ್ದರು. ಅವರ ಮುಂದೆ ಟ್ರ್ಯಾಕ್ ಪ್ಯಾಂಟ್ ತೊಟ್ಟ, ಕೊರಳಿಗೆ ಸೀಟಿ ಹಾಕಿಕೊಂಡ ಹೆಂಗಸು. ಹತ್ತಿರದ ಶಾಲೆಯ ಆಟದ ಟೀಚರ್, ಹೆಸರು ಶ್ರೀಮತಿ, ಹುಡುಗಿಯರ ಬೇಸ್‌ಬಾಲ್ ತಂಡ ಕಟ್ಟುತ್ತಿದ್ದವರು. ಹುಬ್ಬಳ್ಳಿಯ ಮೂಲ, ಹುಟ್ಟಿ ಬೆಳೆದದ್ದು ಕಲ್ಯಾಣದ ರೈಲ್ವೆ ಕ್ವಾರ್ಟರ್ಸಿನಲ್ಲಿ.

“ತಪ್ಪಾತ್ರಿ ಅಣ್ಣಾರ,” ಎಂದರು ಟೀಚರ್, ಹೋಟೆಲಿನ ಬೋರ್ಡಿನ ಮೇಲಿನ ಹೆಸರು ನೋಡಿ ಇವರು ಕನ್ನಡದವರೆಂದು ಮೊದಲೇ ತಿಳಿದಿದ್ದವರಂತೆ. “ಪತ್ರಾ ನಾವು ಹಾಕಿಸಿಕೊಡ್ತೀವಿ. ಗ್ರೌಂಡ್ ಮಾತ್ರ ಬಂದ್ ಮಾಡಿಸಬ್ಯಾಡ್ರಿ.”

“ಹೊಡೆದದ್ದು ಯಾರು?”

ಗುಂಪಿನಿಂದ ಒಬ್ಬಳು ಮುಂದೆ ಬಂದಳು. ಹದಿಮೂರರ ವಯಸ್ಸು, ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಎರಡು ಜಡೆ, ಹೆಬ್ಬೆರಳು ಕಾಣುವ ಕ್ಯಾನ್ವಾಸ್ ಬೂಟು. “ನಾನ್ರೀ ಕಾಕಾ. ಗುರಮ್ಮ.” ಸಿಂದಗಿ ಕಡೆಯಿಂದ ಬಂದು ತುರ್ಭೆಯಲ್ಲಿ ನೆಲೆಸಿದ ಗಾರೆ ಕೆಲಸದವರ ಮಗಳು. ಹೆದರಿದ್ದಳು, ಆದರೆ ಕಣ್ಣು ತಗ್ಗಿಸಲಿಲ್ಲ.

“ಎಲ್ಲಿ ನಿಂತು ಹೊಡೆದದ್ದು?”

ಅವಳು ಮೈದಾನದ ಆ ತುದಿಯನ್ನು ತೋರಿಸಿದಳು. ಕಮಲಾಕ್ಷ ಅಲ್ಲಿಗೆ ನಡೆದರು. ಅಲ್ಲಿಂದ ಹೆಜ್ಜೆ ಎಣಿಸುತ್ತಾ ಗೋಡೆಯವರೆಗೆ ಬಂದರು. ಎಂಬತ್ತಾರು ಹೆಜ್ಜೆ. ಗೋಡೆ ಮುಟ್ಟಿ ಹಿಂತಿರುಗಿದಾಗ ಬೈಯುವುದಕ್ಕೆ ಸಜ್ಜಾಗಿ ಬಂದಿದ್ದ ಬಾಯಿಯಿಂದ ಬೇರೆಯೇ ಮಾತು ಹೊರಟಿತು.

“ನೀನು ಬೆಳಿಗ್ಗೆ ಎಂತ ತಿಂದದ್ದು ಮಾರಾಯ್ತಿ?”

“ಏನೂ ತಿಂದಿಲ್ರಿ.”

ಹುಡುಗಿಯರು ಕಿಸಕ್ಕೆಂದರು. ಕಮಲಾಕ್ಷರಿಗೂ ನಗು ಬಂತು. ಎಷ್ಟು ತಿಂಗಳ ಮೇಲೆ ತಾನು ನಗುತ್ತಿದ್ದೇನೆ ಎಂದು ಅವರಿಗೇ ವಿಚಿತ್ರವೆನಿಸಿತು. ಆ ಹಿಟ್ಟು ಚರಂಡಿಗೆ ಹೋಗಿತ್ತು, ಇಡ್ಲಿ ಇರಲಿಲ್ಲ. ಹನ್ನೆರಡು ಮಂದಿಗೂ ಅಂದು ಉಪ್ಪಿಟ್ಟು. “ತಲೆ ಒಡೀತೇನೆ ಅಂತ ಹೋದವರು ದಿಬ್ಬಣ ಕರಕೊಂಡು ಬಂದ್ರು,” ಎಂದು ರತ್ನಾವತಿ ಮೂತಿ ತಿರುವಿದರು. ಆದರೂ ಗುರಮ್ಮನ ತಟ್ಟೆಗೆ ಎರಡನೆಯ ಸಲ ಬಡಿಸಿದ್ದು ಅವರೇ.

ಅದು ತಂಡದ ಮೊದಲನೆಯ ಹೋಮ್‌ರನ್. ಪಂದ್ಯದಲ್ಲಿ ಹೊಡೆದದ್ದಲ್ಲ, ಅಭ್ಯಾಸದ ಹೊತ್ತಿನದು. ಆದರೆ ತಂಡ ಶುರುವಾಗಿ ಆಗ ಬರೀ ಮೂರು ವಾರ. ಅದಕ್ಕಿಂತ ಹಿಂದೆ ಎಣಿಸಲು ಬೇರೇನೂ ಇರಲಿಲ್ಲ.

ಕಮಲಾಕ್ಷ ದಿನವೂ ಬೆಳಿಗ್ಗೆ ಗೋಡೆಯ ಪಕ್ಕ ಅರ್ಧ ಗಂಟೆ ನಿಲ್ಲತೊಡಗಿದರು. ಆಟ ಅರ್ಥವಾಗುತ್ತಿರಲಿಲ್ಲ. ಟೀಚರ್ ಒಂದು ಇಂಗ್ಲಿಷ್ ನಿಯಮಪುಸ್ತಕ ಕೊಟ್ಟರು. ರಾತ್ರಿಶಾಲೆಯ ಇಂಗ್ಲಿಷಿಗೆ ಅದು ಜಗ್ಗಲಿಲ್ಲ. ಒಂದು ಮಧ್ಯಾಹ್ನ ಅವರು ಆ ಪುಸ್ತಕವನ್ನು ಹಿಂದಿನ ಟೇಬಲಿಗೆ ಒಯ್ದು ನಿಶಾಳ ಮುಂದಿಟ್ಟರು.

“ಮಗಾ, ಇದು ಸ್ವಲ್ಪ ಓದಿ ಹೇಳ್ತೀಯಾ? ನನಗೆ ತಲೆಗೆ ಹೋಗುವುದಿಲ್ಲ.”

ನಿಶಾ ಮೊಬೈಲ್ ಕೆಳಗಿಟ್ಟಳು. ಓದಿದಳು. ಅವಳಿಗೂ ಅರ್ಧ ತಿಳಿಯಲಿಲ್ಲ. ಟೇಬಲಿನ ಮೇಲೆ ನಾಲ್ಕು ಸ್ಟೀಲ್ ಲೋಟಗಳನ್ನು ಚೌಕವಾಗಿ ಇಟ್ಟು, ಚಮಚವನ್ನು ಓಡಿಸುತ್ತಾ ಇಬ್ಬರೂ ಕಲಿತರು. ಹೊಡೆದವಳು ಒಂದು, ಎರಡು, ಮೂರು ಎಂದು ಬೇಸ್‌ಗಳನ್ನು ಮುಟ್ಟಿ ಹೊರಟ ಜಾಗಕ್ಕೇ ಬಂದರೆ ಒಂದು ರನ್. ಒಂದೇ ಹೊಡೆತಕ್ಕೆ ಸುತ್ತು ಪೂರ್ತಿಯಾದರೆ ಹೋಮ್‌ರನ್. ಚೆಂಡು ಮೈದಾನ ದಾಟಿಹೋದರೂ ಓಡಲೇಬೇಕು, ಒಂದೊಂದು ಬೇಸನ್ನೂ ಕಾಲಿನಿಂದ ಮುಟ್ಟಲೇಬೇಕು.

“ಬಡೇ ಪಪ್ಪಾ, ಛೂನಾ ಹೀ ಪಡೇಗಾ,” ಎಂದಳು ನಿಶಾ. ಮುಟ್ಟಲೇಬೇಕು. ಅಪ್ಪ ಹೋದ ಮೇಲೆ ದೊಡ್ಡಪ್ಪನೊಡನೆ ಅವಳು ಆಡಿದ ಮೊದಲ ಪೂರ್ತಿ ವಾಕ್ಯ ಅದು. ಕಮಲಾಕ್ಷ ಒಳಗೆ ಹೋಗಿ ಅವಳಿಗೆ ತುಪ್ಪದ ದೋಸೆ ಹಾಕಿಕೊಂಡು ಬಂದರು.

ಮುಂದಿನ ಶಾಲಾ ವರ್ಷದಲ್ಲಿ ಮೂರ್ನಾಲ್ಕು ಹುಡುಗಿಯರು ತಂಡ ಬಿಟ್ಟರು. ಎಂಟೇ ಜನ ಉಳಿದರು, ಬೇಕಾದದ್ದು ಒಂಬತ್ತು. ನಿಶಾಳದೂ ಅದೇ ಶಾಲೆ. ಟೀಚರ್ ಕೇಳಿದರು. ಅವಳು ದೊಡ್ಡಪ್ಪನ ಮುಖ ನೋಡಿದಳು. “ನಿನಗೆ ನಿಯಮ ಎಲ್ಲ ಗೊತ್ತುಂಟಲ್ಲ,” ಎಂದರು ಕಮಲಾಕ್ಷ. ನಿಯಮ ಗೊತ್ತಿತ್ತು, ಆಟ ಗೊತ್ತಿರಲಿಲ್ಲ. ಚೆಂಡು ಅಪರೂಪಕ್ಕೆ ಬರುವ ಬಲ ಮೂಲೆಯಲ್ಲಿ ಅವಳನ್ನು ನಿಲ್ಲಿಸುತ್ತಿದ್ದರು, ಬಂದ ಚೆಂಡನ್ನೂ ಅವಳು ಹತ್ತಕ್ಕೆ ಆರು ಸಲ ಬಿಡುತ್ತಿದ್ದಳು. ಬ್ಯಾಟಿಗೆ ಸಿಕ್ಕಿದರೆ ಚೆಂಡು ಕಾಲ ಬುಡದಲ್ಲೇ ಉರುಳುತ್ತಿತ್ತು. ಆದರೆ ಒಂದು ದಿನವೂ ತಪ್ಪಿಸಲಿಲ್ಲ. ಅಷ್ಟರಲ್ಲಿ ಕಮಲಾಕ್ಷರನ್ನು ಎಲ್ಲರೂ ಮ್ಯಾನೇಜರ್ ಎನ್ನತೊಡಗಿದ್ದರು. ಯಾರೂ ನೇಮಿಸಿರಲಿಲ್ಲ. ತಿಂಡಿಯ ಡಬ್ಬ, ನೀರಿನ ಕ್ಯಾನು, ಬ್ಯಾಂಡೇಜು ಹೊತ್ತುಕೊಂಡು ಎಲ್ಲ ಕಡೆಗೂ ಬರುವವರನ್ನು ಬೇರೇನೆಂದು ಕರೆಯುವುದು?

ಎರಡನೆಯ ಹೋಮ್‌ರನ್ ಆ ನವೆಂಬರಿನಲ್ಲಿ, ಠಾಣೆ ನಗರದಲ್ಲಿ. ಅಲ್ಲಿಯವರೆಗೆ ಆಡಿದ ಏಳು ಪಂದ್ಯಗಳಲ್ಲಿ ಏಳನ್ನೂ ಸೋತಿದ್ದರು. ಹೊಡೆದವಳು ದಿಶಾ, ಚೆಂಡೆಸೆಯುವ ತೆಳ್ಳನೆಯ ಹುಡುಗಿ. ಹೊಡೆತವೇನೂ ದೊಡ್ಡದಲ್ಲ, ಆದರೆ ಚೆಂಡು ಉರುಳುತ್ತಾ ಹೋಗಿ ಮೈದಾನದ ಅಂಚಿನಲ್ಲಿ ನಿಲ್ಲಿಸಿದ್ದ ಕ್ರಿಕೆಟ್ ಪಿಚ್ಚಿನ ರೋಲರಿನ ಅಡಿಗೆ ಸೇರಿಕೊಂಡಿತು. ಎದುರಾಳಿ ಹುಡುಗಿ ಅಂಗಾತ ಮಲಗಿ ಕೈ ಹಾಕಿದಳು, ಬೋರಲಾಗಿ ಮಲಗಿ ಕೈ ಹಾಕಿದಳು, ಸಿಗಲಿಲ್ಲ. ಇಬ್ಬರು ಬಂದು ರೋಲರನ್ನು ನೂಕಿದರು, ಅದು ಜಗ್ಗಲಿಲ್ಲ. ಅಷ್ಟರಲ್ಲಿ ದಿಶಾ ಸುತ್ತು ಮುಗಿಸಿ, ನೀರು ಕುಡಿದು, ಬೂಟಿನ ಲೇಸ್ ಕಟ್ಟಿಕೊಳ್ಳುತ್ತಿದ್ದಳು.

ಎದುರಾಳಿಗಳು ಜಗಳಕ್ಕೆ ನಿಂತರು. ಆಗ ಕಮಲಾಕ್ಷ, ಜೀವಮಾನದಲ್ಲಿ ನಾಲ್ಕು ಜನರೆದುರು ದನಿಯೆತ್ತದಿದ್ದವರು, ಅಂಪೈರಿನ ಬಳಿ ಹೋಗಿ ತಮ್ಮ ಹೋಟೆಲ್ ಹಿಂದಿಯಲ್ಲಿ ಹೇಳಿದರು: ಹುಡುಗಿ ಕೈ ಎತ್ತಿ ನಿಂತು ಚೆಂಡು ಸಿಕ್ಕಿಬಿದ್ದಿದೆ ಎಂದು ತೋರಿಸಿದ್ದರೆ ಎರಡೇ ಬೇಸ್ ಸಿಗುತ್ತಿತ್ತು, ಅವಳು ಎಳೆಯುವುದಕ್ಕೆ ಹೋದಳು, ಹಾಗಾಗಿ ಆಟ ನಿಂತಿಲ್ಲ, ರನ್ ರನ್ನೇ. ಅಂಪೈರ್ ಅವರನ್ನು ಮೇಲಿಂದ ಕೆಳಕ್ಕೆ ನೋಡಿ, “ಬರೋಬರ್ ಆಹೇ,” ಎಂದು ಒಪ್ಪಿದರು. ತಂಡ ಮೊದಲ ಸಲ ಗೆದ್ದಿತು. ಲೋಕಲ್ ಟ್ರೇನಿನಲ್ಲಿ ಮರಳುವಾಗ ಹುಡುಗಿಯರು ಅವರ ಹೆಸರನ್ನು ಕೂಗಿ ಕುಣಿದರು. ನಿಶಾ ಅವರ ಪಕ್ಕದಲ್ಲೇ ಕುಳಿತು, “ಬಡೇ ಪಪ್ಪಾ, ಪಪ್ಪಾ ಇದ್ದಿದ್ರೆ ನಿಮ್ಗೆ ನಕಲ್ ಮಾಡ್ತಿದ್ರು,” ಎಂದಳು. ಅಣಕಿಸುತ್ತಿದ್ದರು ಎಂದು. ತಂದೆಯ ಮಾತನ್ನು ಅವಳು ತಾನಾಗಿ ಎತ್ತಿದ್ದು ಅದೇ ಮೊದಲು. ಅದೂ ಕನ್ನಡದಲ್ಲಿ. ಕಮಲಾಕ್ಷ ಕಿಟಕಿಯ ಆಚೆ ನೋಡಿದರು.

ಮೂರನೆಯದು ೨೦೨೪ರ ಜನವರಿಯಲ್ಲಿ, ಕಲ್ಯಾಣದಲ್ಲಿ ನಡೆದ ಜಿಲ್ಲಾ ಪಂದ್ಯಗಳಲ್ಲಿ. ಅಷ್ಟರಲ್ಲಿ ಗುರಮ್ಮ ಪುಣೆಯ ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾಗಿ ಹೋಗಿದ್ದಳು. ಅವಳಿಲ್ಲದ ತಂಡ ಒಂದನೆಯ ಸುತ್ತಿನಲ್ಲೇ ಮನೆಗೆ ಬರುತ್ತದೆ ಎಂದುಕೊಂಡಿದ್ದರು. ಅದು ಹೇಗೋ ಕುಂಟುತ್ತಾ ತೆವಳುತ್ತಾ ಫೈನಲಿಗೆ ಬಂದಿತ್ತು. ಎದುರು ಕಲ್ಯಾಣದ್ದೇ ಒಂದು ಶಾಲೆ.

ಕೊನೆಯ ಸರದಿ. ಸಾನಪಾಡಾದ ಹುಡುಗಿಯರು ಒಂದು ರನ್ ಹಿಂದೆ. ಇಬ್ಬರು ಔಟಾಗಿದ್ದಾರೆ, ಇನ್ನೊಬ್ಬಳು ಔಟಾದರೆ ಮುಗಿಯಿತು. ಮೊದಲ ಬೇಸಿನಲ್ಲಿ ದಿಶಾ ನಿಂತಿದ್ದಾಳೆ. ಬ್ಯಾಟ್ ಹಿಡಿದು ಬಂದವಳು ನಿಶಾ.

ಶ್ರೀಮತಿ ಟೀಚರ್ ಕಣ್ಣು ಮುಚ್ಚಿದರು. ಕಮಲಾಕ್ಷ ಮುಚ್ಚಲಿಲ್ಲ. ಮೊದಲ ಚೆಂಡಿಗೆ ನಿಶಾ ಗಾಳಿಯನ್ನು ಹೊಡೆದಳು. ಎರಡನೆಯದಕ್ಕೂ ಗಾಳಿಯನ್ನೇ. ಮೂರನೆಯ ಚೆಂಡು ಸೊಂಟದ ಎತ್ತರಕ್ಕೆ ಬಂತು, ಒಣಗಿದ ಬಿದಿರು ಸೀಳಿದಂತೆ ಸದ್ದಾಯಿತು. ಚೆಂಡು ಮೇಲೇರಿತು. ಏರುತ್ತಲೇ ಹೋಯಿತು. ಸುಣ್ಣದ ಗೆರೆಯ ಮೇಲೆ ಹಾದು ಆಚೆಯ ಗುಲ್‌ಮೊಹರ್ ಮರದೊಳಗೆ ಮಾಯವಾಯಿತು. ನಿಶಾ ಓಡುತ್ತಿದ್ದಳು, ಆದರೆ ಅವಳ ಕಣ್ಣು ನೆಲದ ಮೇಲಿರಲಿಲ್ಲ. ತಾನು ಹೊಡೆದದ್ದನ್ನು ತಾನೇ ನಂಬಲಾರದೆ ಆ ಮರವನ್ನೇ ನೋಡುತ್ತಿದ್ದಳು. ಮೊದಲ ಬೇಸನ್ನು ಒಂದು ಗೇಣು ಅಂತರದಲ್ಲಿ ದಾಟಿ ಮುಂದೆ ಹೋದಳು.

ಕಮಲಾಕ್ಷ ಅದನ್ನು ಕಂಡರು. ಸುತ್ತ ಎಲ್ಲರೂ ಮರವನ್ನು ನೋಡುತ್ತಿದ್ದಾಗ ಅವರು ಅವಳ ಕಾಲನ್ನು ನೋಡುತ್ತಿದ್ದರು.

ನಿಶಾ ಸುತ್ತು ಮುಗಿಸಿ ಬಂದಾಗ ಹುಡುಗಿಯರು ಅವಳನ್ನು ಎತ್ತಿ ಹಿಡಿದರು. ಎರಡು ರನ್, ಗೆಲುವು, ಕಪ್ಪು. ಗದ್ದಲದ ನಡುವೆ ಕಲ್ಯಾಣದ ಕೋಚ್, ನರೆತ ಮೀಸೆಯ ಭೋಯಿರ್ ಸರ್, ನಿಧಾನವಾಗಿ ನಡೆದುಬಂದು ಹೊಸ ಚೆಂಡೊಂದನ್ನು ತಮ್ಮ ಹುಡುಗಿಗೆ ಕೊಟ್ಟರು. ಅವಳು ಅದನ್ನು ಹಿಡಿದು ಮೊದಲ ಬೇಸಿನ ಮೇಲೆ ಕಾಲಿಟ್ಟು ಅಂಪೈರನ್ನು ನೋಡಿದಳು. ಬೇಸ್ ಬಿಟ್ಟು ಓಡಿದವಳ ಮೇಲೆ ದೂರು ಕೊಡುವ ರೀತಿ ಅದು. ಅಂಪೈರ್ ಮುಷ್ಟಿ ಎತ್ತಿದರು. ಔಟ್. ಮೊದಲ ಬೇಸ್ ಮುಟ್ಟದವಳು ಮೂರನೆಯ ಔಟ್ ಆದರೆ ಅವಳ ಮುಂದೆ ಓಡಿದವಳ ರನ್ನಿಗೂ ಬೆಲೆಯಿಲ್ಲ. ಪಂದ್ಯ ಕಲ್ಯಾಣದ್ದು.

ಪಾಲಕರು ಮೈದಾನಕ್ಕೆ ನುಗ್ಗಿದರು. “ಚೀಟಿಂಗ್! ಚೀಟಿಂಗ್!” ಟೀಚರ್ ಕೂಡ ಕೂಗಾಡಿದರು. ಭೋಯಿರ್ ಸರ್ ಅವರ ಕಾಲರಿಗೆ ಯಾರದೋ ಕೈ ಹೋಯಿತು. ಕಮಲಾಕ್ಷ ನಡುವೆ ಹೋಗಿ ನಿಂತರು.

“ಬಿಡಿ. ಮುಟ್ಟಲಿಲ್ಲ ಅವಳು. ನಾನು ನೋಡಿದ್ದೇನೆ.”

ಕೈಗಳು ಇಳಿದವು. ಎಲ್ಲರಿಗಿಂತ ಹಿಂದೆ ನಿಂತಿದ್ದ ನಿಶಾ ಕೇಳಿದಳು, “ಆಪ್‌ನೇ ದೇಖಾ?”

“ನೋಡಿದೆ ಮಗಾ.”

ಅವಳು ತಿರುಗಿ ತನ್ನ ಚೀಲ ಎತ್ತಿಕೊಂಡಳು. ಕಲ್ಯಾಣದಿಂದ ಠಾಣೆಯವರೆಗೆ ಹೆಂಗಸರ ಡಬ್ಬಿಯಲ್ಲಿ ಟೀಚರ್ ಜೊತೆ ಬಂದಳು. ಠಾಣೆಯಲ್ಲಿ ಗಾಡಿ ಬದಲಿಸುವಾಗ ಮಾತ್ರ, ಯಾಕೋ, ದೊಡ್ಡಪ್ಪ ಹತ್ತಿದ ಡಬ್ಬಿಗೇ ಹತ್ತಿದಳು. ಭಾನುವಾರ ಮಧ್ಯಾಹ್ನ, ಗಾಡಿ ಖಾಲಿಯಿತ್ತು. ಎದುರುಬದುರು ಕುಳಿತರು. ತಾನು ಹೇಳಬಾರದಿತ್ತೇನೋ ಎಂದು ಕಮಲಾಕ್ಷ ಒಳಗೇ ಬೇಯುತ್ತಿದ್ದರು. ಬೇರೆ ಯಾರಾದರೂ ಹೇಳುತ್ತಿದ್ದರಲ್ಲ. ಎರಡು ವರ್ಷ ಹಿಡಿದು ಕಟ್ಟಿದ್ದು ಒಂದು ಮಾತಿಗೆ ಬಿತ್ತೋ ಏನೋ.

ಐರೋಲಿ ಸ್ಟೇಷನ್ ದಾಟಿದ ಮೇಲೆ ನಿಶಾ ಬಾಯಿಬಿಟ್ಟಳು. “ಮುಟ್ಟಿದ್ದೆ ಅಂತ ಅನ್ಕೊಂಡೆ,” ಎಂದಳು. ಆಮೇಲೆ ಅಳು ಬಂತು. ಬರೀ ಕಣ್ಣೀರಲ್ಲ, ಹೊಟ್ಟೆಯಿಂದ ಎದ್ದ ಅಳು. ಕಮಲಾಕ್ಷ ಪಕ್ಕಕ್ಕೆ ಹೋಗಿ ಕುಳಿತರು. ಅವಳು ಅವರ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹಿಂದಿ ಕನ್ನಡ ಮರಾಠಿ ಎಲ್ಲಾ ಕಲಸಿ, ಬಿಕ್ಕುತ್ತಾ ಹೇಳಿದಳು: ಗೇಟಿನ ಹೊರಗೆ ನಿಂತಿದ್ದು. ಆ ಪ್ಲಾಸ್ಟಿಕ್ಕು. ಅದರೊಳಗೆ ಪಪ್ಪಾ ಹೌದೋ ಅಲ್ಲವೋ ಎಂದು ಎಷ್ಟೋ ದಿನ ಅನುಮಾನಪಟ್ಟಿದ್ದು. “ಏಕ್ ಬಾರ್ ಭೀ ಛೂನೇ ನಹೀಂ ದಿಯಾ, ಬಡೇ ಪಪ್ಪಾ. ಒಂದ್ಸಲ ಕೂಡ ಮುಟ್ಟೋಕೆ ಬಿಡ್ಲಿಲ್ಲ.”

“ನನ್ನನ್ನೂ ಬಿಡಲಿಲ್ಲ ಮಗಾ,” ಎಂದರು ಕಮಲಾಕ್ಷ. ಸಾನಪಾಡಾ ಬಂತು, ಹೋಯಿತು. ಇಬ್ಬರೂ ಇಳಿಯಲಿಲ್ಲ. ಕೊನೆಯ ನಿಲ್ದಾಣವಾದ ವಾಶಿಯಲ್ಲಿ ಇಳಿದು, ಮುಖ ತೊಳೆದುಕೊಂಡು, ಒಂದು ಸ್ಟೇಷನ್ ಹಿಂದಕ್ಕೆ ನಡೆದೇ ಬಂದರು. ದಾರಿಯುದ್ದಕ್ಕೂ ನಿಶಾ ಅಪ್ಪನ ಕತೆ ಹೇಳುತ್ತಿದ್ದಳು. ಅಪ್ಪ ಅವಳಿಗೆ ಸೈಕಲ್ ಕಲಿಸಲು ಹೋಗಿ ತಾನೇ ಬಿದ್ದದ್ದು, ಶಾಲೆಯ ಮೀಟಿಂಗಿನಲ್ಲಿ ಪ್ರಿನ್ಸಿಪಾಲರನ್ನೇ ನಗಿಸಿದ್ದು. ಕೆಲವು ಕಮಲಾಕ್ಷರಿಗೆ ಗೊತ್ತಿದ್ದವು, ಕೆಲವು ಹೊಸವು. ಗೊತ್ತಿದ್ದವನ್ನೂ ಗೊತ್ತಿಲ್ಲದವರಂತೆ ಕೇಳಿದರು.

ಆ ದಿನದ ಮೇಲೆ ಹೋಟೆಲ್ ಮಾರುವ ಮಾತು ಬರಲಿಲ್ಲ. ಗಲ್ಲಾದಲ್ಲಿ ಕುಳಿತು ಅವರು ಗಿರಾಕಿಗಳೊಡನೆ ಮಾತಾಡಲು ಕಲಿತರು. ಕಿಟ್ಟಣ್ಣನಷ್ಟು ಅಲ್ಲ, ತಮ್ಮ ರೀತಿಯಲ್ಲಿ. ಕ್ರಿಕೆಟ್ ಮಾತು ಎತ್ತಿದವರಿಗೆ ಬೇಸ್‌ಬಾಲ್ ವಿವರಿಸಿ ಅವರ ಚಹಾ ಆರಿಸಿಬಿಡುತ್ತಿದ್ದರು. ಪುಣೆಯಿಂದ ಗುರಮ್ಮ ರಜೆಗೆ ಬಂದಾಗಲೆಲ್ಲ ಮೊದಲು ಬರುವುದು ರತ್ನಾವತಿಯ ಅಡುಗೆಮನೆಗೆ. “ಕಾಕೂ, ಇನ್ನೊಂದು ಪತ್ರಾ ಒಡೀಲೇನ್ರಿ?” ಎಂದು ಕೇಳುವಳು. “ಒಡಿ, ಆದ್ರೆ ಹಿಟ್ಟು ನೀನೇ ರುಬ್ಬಬೇಕು,” ಎಂಬುದು ಉತ್ತರ. ನಿಶಾ ಆ ಫೈನಲಿನ ನಂತರ ಇನ್ನೊಂದು ವರ್ಷ ಆಡಿದಳು, ಮತ್ತೊಂದು ಹೋಮ್‌ರನ್ ಹೊಡೆಯಲಿಲ್ಲ. ಅವಳಿಗೆ ಅದರ ಬೇಸರವಿರಲಿಲ್ಲ.

ಕಮಲಾಕ್ಷರಿಗೆ ಮಾತ್ರ ಒಂದು ಕೆಲಸ ಬಾಕಿಯಿತ್ತು. ೨೦೨೪ರ ಡಿಸೆಂಬರಿನಲ್ಲಿ ಜಿಲ್ಲಾ ಪಂದ್ಯಗಳು ಮತ್ತೆ ಠಾಣೆಯಲ್ಲಿ ನಡೆದಾಗ ಅವರು ಮೈದಾನವೆಲ್ಲ ಹುಡುಕಿ, ಒಂದು ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ ಭೋಯಿರ್ ಸರ್ ಅವರನ್ನು ಕಂಡುಹಿಡಿದರು. ಹೋಗಿ ಕೈ ಮುಗಿದರು.

ಭೋಯಿರ್ ಸರ್ ಗಾಬರಿಯಾಗಿ ಎದ್ದು ನಿಂತರು. “ನಿಯಮ ಥಾ, ಶೇಟ್. ಮೈಂ ಕ್ಯಾ ಕರತಾ?” ನಿಯಮವೇ ಹಾಗಿತ್ತು, ನಾನೇನು ಮಾಡಲಿ ಎಂದು.

“ಜಗಳಕ್ಕೆ ಬಂದದ್ದಲ್ಲ ಸರ್,” ಎಂದು ಕಮಲಾಕ್ಷ ಹಿಂದಿಯಲ್ಲಿ ಹೇಳಿದರು. “ಥ್ಯಾಂಕ್ಸ್ ಹೇಳಲಿಕ್ಕೆ ಬಂದೆ. ನನ್ನ ತಮ್ಮ ಕೋವಿಡಿನಲ್ಲಿ ಹೋದ. ಅವನ ಮಗಳು ಅತ್ತಿರಲಿಲ್ಲ. ನೀವು ಅವಳನ್ನು ಔಟ್ ಮಾಡಿಸಿದ ದಿನ ಅತ್ತಳು.”

ಭೋಯಿರ್ ಸರ್ ಪಕ್ಕದ ಕುರ್ಚಿಯ ಮೇಲಿದ್ದ ಚೀಲವನ್ನು ಕೆಳಗಿಟ್ಟು, “ಬಸಾ,” ಎಂದರು. ಕಮಲಾಕ್ಷ ಕುಳಿತರು. ಆ ಫೈನಲಿನ ರಾತ್ರಿ ತನಗೂ ಊಟ ಸೇರಿರಲಿಲ್ಲವೆಂದು, ಅಷ್ಟು ಒಳ್ಳೆಯ ಹೊಡೆತವನ್ನು ತನ್ನ ಕೈಯಾರೆ ಅಳಿಸಿದೆನಲ್ಲ ಎಂದು ಹೆಂಡತಿಯ ಹತ್ತಿರ ಹೇಳಿಕೊಂಡಿದ್ದೆನೆಂದು ಭೋಯಿರ್ ಸರ್ ಹೇಳಿದರು. “ಮರದೊಳಗೆ ಹೋದ ಆ ಚೆಂಡು ನಮಗೆ ಇವತ್ತಿನವರೆಗೂ ಸಿಕ್ಕಿಲ್ಲ, ಗೊತ್ತಾ?”

ಕಮಲಾಕ್ಷರಿಗೆ ನಗು ಬಂತು. ಡಬ್ಬ ತೆರೆದು, ಹುಡುಗಿಯರಿಗೆಂದು ತಂದಿದ್ದ ಗೋಳಿಬಜೆಯನ್ನು ಮುಂದೆ ಹಿಡಿದರು. ಎದುರಿನ ಮೈದಾನದಲ್ಲಿ ಯಾವುದೋ ಬೇರೆ ಎರಡು ಶಾಲೆಗಳ ಪಂದ್ಯ ಶುರುವಾಗಿತ್ತು. ಇಬ್ಬರೂ ತಿನ್ನುತ್ತಾ, ಯಾರ ಪರವೂ ಇಲ್ಲದೆ, ಅದನ್ನು ಕೊನೆಯವರೆಗೆ ನೋಡಿದರು.